ಓದುಗರ ಪ್ರಶ್ನೆ: ಬೈಪಾಸಿನಾಚೆ ಉಳಿದುಹೋದ ಅಮೆರಿಕದ ಊರುಗಳು

ಅಮೆರಿಕವನ್ನು ಕಾರಿನಲ್ಲಿ ಈ ತುದಿಯಿಂದ ಆ ತುದಿಗೆ ದಾಟಲು ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಬಹುತೇಕ ಎಲ್ಲರ ಕಣ್ಣೂ ಷಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಹೋಗುತ್ತಿದ್ದ ಹಳೆಯ ಹೆದ್ದಾರಿ ರೂಟ್ 66ರ ಮೇಲೆ. ಆರಿಸಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಮಗ ಷಿಕಾಗೋದಲ್ಲಿದ್ದಾನೆ. ಅಲ್ಲಿಂದ ಲಾಸ್ ಏಂಜಲೀಸ್‌ವರೆಗೆ ಕಾರಿನಲ್ಲಿ ಹೋಗುವ ಯೋಚನೆ. ಕಳೆದ ಸಲ ನಾಲ್ಕು ರಾಜ್ಯ ದಾಟಿದರೂ ಕಂಡದ್ದು ಒಂದೇ ಬಗೆಯ ಪೆಟ್ರೋಲ್ ಬಂಕು, ಒಂದೇ ಬಗೆಯ ಬರ್ಗರ್ ಅಂಗಡಿ. ಹಳೇ ಫೋಟೋಗಳಲ್ಲಿ ಕಾಣುವಂಥ ಪುಟ್ಟ ಊರುಗಳು ಇನ್ನೂ ಇವೆಯೇ? ಇದ್ದರೆ ಹುಡುಕುವುದು ಹೇಗೆ? (ಓದುಗರು, ಮೈಸೂರು)

ಇವೆ. ನೀವು ಹೋದ ರಸ್ತೆಯಿಂದ ಒಂದೆರಡು ಮೈಲಿ ಆಚೆಗೇ ಇದ್ದವು. 1956ರ ಹೆದ್ದಾರಿ ಕಾಯ್ದೆಯ ನಂತರ ಕಟ್ಟಿದ, ರಾಜ್ಯಗಳನ್ನು ಬೆಸೆಯುವ ಇಂಟರ್‌ಸ್ಟೇಟ್ ಹೆದ್ದಾರಿಗಳು ಊರೊಳಗೆ ನುಗ್ಗದೆ ಪಕ್ಕದಲ್ಲಿ ಸಾಗುತ್ತವೆ. ನಮ್ಮ ಬೈಪಾಸಿಗೂ ಅದಕ್ಕೂ ಒಂದು ವ್ಯತ್ಯಾಸ: ಇಲ್ಲಿ ಬೈಪಾಸಿನ ಅಂಚಿಗೇ ಅಂಗಡಿ ಹುಟ್ಟಿಕೊಳ್ಳುತ್ತದೆ. ಅಲ್ಲಿ ಹೆದ್ದಾರಿಯಿಂದ ಇಳಿಯಲು ‘ಎಕ್ಸಿಟ್’ ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ವ್ಯಾಪಾರವೆಲ್ಲ ಎಕ್ಸಿಟ್‌ನ ಬುಡದಲ್ಲಿ ಗುಡ್ಡೆಬಿತ್ತು, ಊರಿನ ಪೇಟೆ ಬೀದಿ ಬರಿದಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ಕಾಸು ಯಾರ ಕೈಯಲ್ಲೂ ಉಳಿಯದ್ದರಿಂದ ಇಟ್ಟಿಗೆಯ ಕಟ್ಟಡಗಳೂ ನಿಯಾನ್ ಬೋರ್ಡುಗಳೂ ಇದ್ದಲ್ಲೇ ಉಳಿದವು. ನೀವು ನೋಡಲು ಹೊರಟಿರುವ ಚೆಲುವನ್ನು ಕಾಪಾಡಿದ್ದು ಬಡತನ. ಇದನ್ನು ತಿಳಿದು ಹೋದರೆ ಮುಚ್ಚಿದ ಬಾಗಿಲುಗಳನ್ನು ಕಂಡು ಬೇಸರವಾಗುವುದಿಲ್ಲ.

ರೂಟ್ 66 ಆದದ್ದು 1926ರಲ್ಲಿ. ಇಲಿನಾಯ್, ಮಿಸೌರಿ, ಕ್ಯಾನ್ಸಸ್, ಒಕ್ಲಹಾಮಾ, ಟೆಕ್ಸಸ್, ನ್ಯೂ ಮೆಕ್ಸಿಕೋ, ಅರಿಜೋನಾ, ಕ್ಯಾಲಿಫೋರ್ನಿಯಾ ಎಂಬ ಎಂಟು ರಾಜ್ಯಗಳಲ್ಲಿ 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್. ಕೊನೆಗೆ ಬೈಪಾಸ್ ಆದ ಊರು ಅರಿಜೋನಾದ ವಿಲಿಯಮ್ಸ್, 1984ರ ಅಕ್ಟೋಬರಿನಲ್ಲಿ. ಮರುವರ್ಷ ಆ ರಸ್ತೆಯ ಸಂಖ್ಯೆಯನ್ನೇ ಸರ್ಕಾರಿ ಪಟ್ಟಿಯಿಂದ ತೆಗೆದುಹಾಕಿದರು. ಆದ್ದರಿಂದ ಮಾಮೂಲಿ ನಕ್ಷೆಯಲ್ಲಿ ಅದು ಒಂದೇ ಗೆರೆಯಾಗಿ ಸಿಗದು. ತುಂಡುತುಂಡಾಗಿ ಸಿಗುತ್ತದೆ.

ಹುಡುಕಲು ಮೊದಲು ನೋಡಬೇಕಾದದ್ದು ಹಸಿರು ಬಣ್ಣದ ಗುರಾಣಿ ಫಲಕ. ಇಂಟರ್‌ಸ್ಟೇಟ್‌ನ ಗುರಾಣಿ ನೀಲಿ-ಕೆಂಪು. ಅದೇ ಆಕಾರ ಹಸಿರಾಗಿದ್ದು ‘ಬಿಸಿನೆಸ್ ಲೂಪ್’ ಎಂದಿದ್ದರೆ ಆ ಎಕ್ಸಿಟ್‌ನಲ್ಲಿ ಇಳಿಯಿರಿ. ಸಾಮಾನ್ಯವಾಗಿ ಅದು ಊರಿನ ಹಳೆಯ ಮುಖ್ಯ ಬೀದಿಯಲ್ಲಿ ಹಾದು, ಆಚೆ ಬದಿಯ ಎಕ್ಸಿಟ್‌ನಲ್ಲಿ ಮತ್ತೆ ಹೆದ್ದಾರಿಗೆ ಸೇರಿಸುತ್ತದೆ. ‘ಬಿಸಿನೆಸ್ ಸ್ಪರ್’ ಎಂದಿದ್ದರೆ ಊರಿನಲ್ಲೇ ಮುಗಿಯುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಬೇಕು. ಕಂದು ಬಣ್ಣದ ‘ಹಿಸ್ಟಾರಿಕ್ ರೂಟ್ 66’ ಫಲಕಗಳೂ ಇರುತ್ತವೆ. ಆದರೆ ನೆನಪಿಗೆಂದು ಕಿತ್ತುಕೊಂಡು ಹೋಗುವವರು ಬಹಳ, ಹಾಗಾಗಿ ಫಲಕ ಕಾಣದಿದ್ದರೆ ದಾರಿ ತಪ್ಪಿತೆಂದು ಗಾಬರಿಯಾಗಬೇಡಿ. ಈ ಕಳ್ಳತನಕ್ಕೆ ಬೇಸತ್ತು ಹಲವೆಡೆ ಗುರುತನ್ನು ರಸ್ತೆಯ ಮೇಲೇ ಬಣ್ಣದಲ್ಲಿ ಬರೆದಿದ್ದಾರೆ.

ಎರಡನೆಯ ಗುರುತು ರೈಲು ಹಳಿ. ಬಯಲು ಸೀಮೆಯ ಅನೇಕ ಊರುಗಳು ಹುಟ್ಟಿದ್ದೇ ಹಬೆ ಇಂಜಿನ್ ನೀರಿಗೆ ನಿಲ್ಲುತ್ತಿದ್ದ ಜಾಗಗಳಲ್ಲಿ. ದೂರದಿಂದ ಧಾನ್ಯ ತುಂಬುವ ಎತ್ತರದ ಕಣಜ, ಅದರ ಪಕ್ಕ ಕಾಲ ಮೇಲೆ ನಿಂತ ನೀರಿನ ಟ್ಯಾಂಕು ಕಂಡರೆ ಅತ್ತ ತಿರುಗಿ. ಪೇಟೆ ಬೀದಿ ಹಳಿಗೆ ಸಮಾನಾಂತರವಾಗಿಯೋ ಅಡ್ಡವಾಗಿಯೋ ಒಂದೆರಡು ಬೀದಿಯ ಒಳಗೇ ಇರುತ್ತದೆ. ಊರು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಕೇಂದ್ರವಾಗಿದ್ದರೆ ಇನ್ನೂ ಸುಲಭ: ಫೋನಿನ ನಕ್ಷೆಯಲ್ಲಿ ಊರ ಹೆಸರಿನ ಬದಲು ‘ಕೌಂಟಿ ಕೋರ್ಟ್‌ಹೌಸ್’ ಎಂದು ಹಾಕಿ. ಹಳೆಯ ಊರುಗಳಲ್ಲಿ ನ್ಯಾಯಾಲಯದ ಕಟ್ಟಡ ನಡುವೆ, ಸುತ್ತ ನಾಲ್ಕೂ ಕಡೆ ಅಂಗಡಿ ಸಾಲು.

ಫೋನಿನ ನಕ್ಷೆ ಕೈಕೊಡುವುದು ಹೀಗೆ: ಲಾಸ್ ಏಂಜಲೀಸ್ ಎಂದು ಒಂದೇ ಗುರಿ ಕೊಟ್ಟರೆ ಪ್ರತಿ ತಿರುವಿನಲ್ಲೂ ನಿಮ್ಮನ್ನು ಇಂಟರ್‌ಸ್ಟೇಟ್‌ಗೆ ಎಳೆದು ಹಾಕುತ್ತದೆ. ‘ಹೈವೇ ಬೇಡ’ ಎಂಬ ಆಯ್ಕೆಯನ್ನು ದಿನವಿಡೀ ಇಟ್ಟರೆ ಮಣ್ಣಿನ ದಾರಿಗೂ ಕಳಿಸುತ್ತದೆ. ಐವತ್ತು ಅರವತ್ತು ಮೈಲಿಗೊಂದು ಊರನ್ನು ನಡುವಿನ ನಿಲುಗಡೆಯಾಗಿ ಸೇರಿಸಿ, ಆ ತುಂಡಿಗೆ ಮಾತ್ರ ಆಯ್ಕೆ ಬಳಸಿ. ತಿರುವು ತಿರುವಿಗೂ ವಿವರ ಕೊಡುವ ರೂಟ್ 66 ಕೈಪಿಡಿಯೊಂದನ್ನು ಪಕ್ಕದ ಸೀಟಿನವರು ಹಿಡಿದು ಓದುವುದು ಎಲ್ಲಕ್ಕಿಂತ ವಾಸಿ. ನ್ಯೂ ಮೆಕ್ಸಿಕೋ, ಅರಿಜೋನಾ, ಮೊಹಾವೆ ಮರುಭೂಮಿಯಲ್ಲಿ ಸಿಗ್ನಲ್ ಇಲ್ಲದ ಜಾಗಗಳಿವೆ. ಹಿಂದಿನ ರಾತ್ರಿಯೇ ಆ ಭಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ.

ಎಷ್ಟು ದಿನ ಬೇಕು? ಯಾವ ಊರು ಬಿಡಬಾರದು? (ಓದುಗರು, ಹುಬ್ಬಳ್ಳಿ)

ಹದಿನಾಲ್ಕು ದಿನವಿದ್ದರೆ ನೆಮ್ಮದಿ, ಹತ್ತರಲ್ಲಿ ಓಟ. ಅದಕ್ಕೂ ಕಡಿಮೆ ಇದ್ದರೆ ಇಡೀ ರಸ್ತೆಯ ಆಸೆ ಬಿಟ್ಟು ಒಂದು ತುಂಡನ್ನು ಚೆನ್ನಾಗಿ ನೋಡಿ. ಹಳೇ ರಸ್ತೆಯಲ್ಲಿ ದಿನಕ್ಕೆ 180ರಿಂದ 200 ಮೈಲಿ ಸಾಕು. ಇಂಟರ್‌ಸ್ಟೇಟ್‌ನಲ್ಲಿ ಮೂರು ಗಂಟೆಗೆ ಮುಗಿಯುವ ದೂರ ಇಲ್ಲಿ ಇಡೀ ಹಗಲನ್ನು ತಿನ್ನುತ್ತದೆ.

ಇಲಿನಾಯ್‌ನಲ್ಲಿ ಪಾಂಟಿಯಾಕ್. ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ರೂಟ್ 66ರ ವಸ್ತುಸಂಗ್ರಹಾಲಯವಿದೆ, ಗೋಡೆಗೋಡೆಗೂ ಚಿತ್ರಗಳಿವೆ. ಪ್ರಯಾಣದ ಮೊದಲ ದಿನಕ್ಕೆ ಹೇಳಿ ಮಾಡಿಸಿದ ಊರು. ಮಿಸೌರಿಯ ಕ್ಯೂಬಾದಲ್ಲಿ 1930ರ ದಶಕದ ಕಲ್ಲಿನ ಕಾಟೇಜುಗಳ ವ್ಯಾಗನ್ ವೀಲ್ ಮೋಟೆಲ್. ಕಾರ್ತೇಜ್‌ನಲ್ಲಿ ಕೋಟೆಯಂಥ ಕೋರ್ಟ್‌ಹೌಸ್, 1939ರ ಬೂಟ್ಸ್ ಕೋರ್ಟ್ ಮೋಟೆಲ್. ಕ್ಯಾನ್ಸಸ್‌ನಲ್ಲಿ ರೂಟ್ 66 ಇರುವುದೇ 13 ಮೈಲಿ. ಆದರೂ ಗಲೀನಾ, ರಿವರ್ಟನ್, ಬ್ಯಾಕ್‌ಸ್ಟರ್ ಸ್ಪ್ರಿಂಗ್ಸ್ ಮೂರನ್ನೂ ನಿಂತು ನೋಡಿ, ಅರ್ಧ ದಿನ ಹೋಗುತ್ತದೆ. ಒಕ್ಲಹಾಮಾದ ಮಯಾಮಿ ಮತ್ತು ಆಫ್ಟನ್ ನಡುವೆ 1920ರ ದಶಕದ ಆರಂಭದ ಒಂಬತ್ತು ಅಡಿ ಅಗಲದ ರಸ್ತೆಯ ತುಂಡುಗಳು ಉಳಿದಿವೆ. ಎದುರು ಗಾಡಿ ಬಂದರೆ ಇಬ್ಬರೂ ಒಂದು ಚಕ್ರವನ್ನು ಜಲ್ಲಿಗೆ ಇಳಿಸಬೇಕು. ಮಳೆ ಬಂದ ಮರುದಿನ ಆ ಕಡೆ ಹೋಗಬೇಡಿ.

ಟೆಕ್ಸಸ್‌ನ ಶ್ಯಾಮ್‌ರಾಕ್‌ನಲ್ಲಿ 1936ರ ಪೆಟ್ರೋಲ್ ಬಂಕೊಂದಿದೆ, ಗೋಪುರವೂ ನಿಯಾನ್ ಗೆರೆಗಳೂ ಇರುವ ಯು-ಡ್ರಾಪ್ ಇನ್. ಮಧ್ಯಾಹ್ನ ಹೋದರೆ ಕಾಲು ಭಾಗ ಮಾತ್ರ ನೋಡಿದಂತೆ. ಕತ್ತಲಾದ ಮೇಲೆ ನೋಡಿ. ಏಡ್ರಿಯನ್ ಎಂಬ ಚಿಕ್ಕ ಊರು ಸರಿಯಾದ ನಡುಮಧ್ಯ: ಷಿಕಾಗೋಗೆ ಎಷ್ಟು ದೂರವೋ ಲಾಸ್ ಏಂಜಲೀಸ್‌ಗೂ ಅಷ್ಟೇ ಎಂದು ಫಲಕ ಹೇಳುತ್ತದೆ.

ಒಂದೇ ಊರಿನಲ್ಲಿ ರಾತ್ರಿ ತಂಗುವುದಾದರೆ ನಮ್ಮ ಮತ ನ್ಯೂ ಮೆಕ್ಸಿಕೋದ ಟುಕುಮ್ಕಾರಿಗೆ. ಅಲ್ಲಿನ ಬ್ಲೂ ಸ್ವಾಲೋ ಮೋಟೆಲ್‌ನಲ್ಲಿ ಕೋಣೆಗೆ ಅಂಟಿಕೊಂಡೇ ಕಾರು ನಿಲ್ಲಿಸುವ ಪುಟ್ಟ ಗ್ಯಾರೇಜುಗಳಿವೆ. ಅದರ ನಿಯಾನ್ ಫಲಕದಲ್ಲಿ ‘100% ರೆಫ್ರಿಜರೇಟೆಡ್ ಏರ್’ ಎಂಬ ಹೆಮ್ಮೆ ಇನ್ನೂ ಉರಿಯುತ್ತಿದೆ. ಆ ಊರಿನಲ್ಲಿ ಹಾಳುಬಿದ್ದ ಕಟ್ಟಡಗಳೂ ಸಾಕಷ್ಟಿವೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಮುಂದೆ ಅರಿಜೋನಾದ ಹೋಲ್‌ಬ್ರೂಕ್‌ನಲ್ಲಿ 1950ರ ಕಾಂಕ್ರೀಟ್ ಗುಡಾರಗಳ ವಿಗ್‌ವಾಮ್ ಮೋಟೆಲ್; ಇರುವುದೇ 15 ಗುಡಾರ. ನಂತರ ಸೆಲಿಗ್‌ಮನ್. 1978ರಲ್ಲಿ ಬೈಪಾಸ್ ಆಗಿ ಒಣಗಿಹೋಗಿದ್ದ ಈ ಊರಿನ ಕ್ಷೌರಿಕ ಏಂಜಲ್ ಡೆಲ್ಗಾಡಿಯೋ ಮತ್ತು ಜೊತೆಗಾರರು 1987ರಲ್ಲಿ ಸಂಘ ಕಟ್ಟಿ, ಹಳೇ ರಸ್ತೆಗೆ ‘ಹಿಸ್ಟಾರಿಕ್’ ಎಂಬ ಮಾನ್ಯತೆ ಗಳಿಸಿದರು. ಇವತ್ತು ಬಸ್ಸುಗಟ್ಟಲೆ ಪ್ರವಾಸಿಗಳು ಬಂದಿಳಿಯುತ್ತಾರೆ. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ಐದರ ನಂತರ ಹೋದರೆ ಊರು ಊರಾಗಿ ಸಿಗುತ್ತದೆ.

ಒಂದು ಎಚ್ಚರಿಕೆ: 2026 ಈ ರಸ್ತೆಯ ನೂರನೇ ವರ್ಷ. ಹೆಸರಾದ ಹಳೇ ಮೋಟೆಲ್‌ಗಳಲ್ಲಿ ಕೋಣೆಗಳು ಕಡಿಮೆ, ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ.

ಎಷ್ಟೋ ಊರುಗಳಲ್ಲಿ ‘ರೆಟ್ರೋ’ ಎಂದು ಹೊಸದಾಗಿ ಅಲಂಕಾರ ಮಾಡಿರುತ್ತಾರಂತೆ. ಅಸಲಿ ಯಾವುದು, ನಕಲಿ ಯಾವುದು ತಿಳಿಯುವುದು ಹೇಗೆ? (ಓದುಗರು, ಬೆಂಗಳೂರು)

ಕಣ್ಣನ್ನು ಅಂಗಡಿಯ ಗಾಜಿನಿಂದ ಮೇಲೆತ್ತಿ. ಕೆಳಗಿನ ಮಹಡಿ ಹತ್ತು ಸಲ ಬದಲಾಗಿರುತ್ತದೆ. ಮೇಲಿನ ಮಹಡಿಗೆ ಯಾರೂ ಖರ್ಚು ಮಾಡಿರುವುದಿಲ್ಲ. ಉದ್ದನೆಯ ಕಿಟಕಿ, ಇಟ್ಟಿಗೆಯ ಕಮಾನು, ನೆತ್ತಿಯ ಮೇಲೆ ಕಟ್ಟಿದ ವರ್ಷವೋ ಕಟ್ಟಿಸಿದವರ ಹೆಸರೋ ಇದ್ದರೆ ಅದು ಅಸಲಿ. ಬಾಗಿಲ ಪಕ್ಕದ ಕಂಬವನ್ನು ಬೆರಳಿನಿಂದ ತಟ್ಟಿ. ಎರಕದ ಕಬ್ಬಿಣವಾದರೆ ಬುಡದಲ್ಲಿ ಕಾರ್ಖಾನೆಯ ಹೆಸರು ಹುಡುಕಿ. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್‌ನಂಥ ಕಂಪನಿಗಳು ಅಂಗಡಿಯ ಇಡೀ ಮುಂಭಾಗವನ್ನೇ ಕ್ಯಾಟಲಾಗ್ ಕಳಿಸಿ, ಆರ್ಡರ್ ಪಡೆದು, ರೈಲಿನಲ್ಲಿ ರವಾನಿಸುತ್ತಿದ್ದವು. ‘ಅಪ್ಪಟ ಸ್ಥಳೀಯ’ ಎಂದು ನಾವು ಮೆಚ್ಚುವ ಎಷ್ಟೋ ಮುಂಭಾಗಗಳು ಅಂಚೆಯಲ್ಲಿ ತರಿಸಿದ ಸಾಮಾನು! ಪಕ್ಕದ ಗೋಡೆಯಲ್ಲಿ ಹಿಟ್ಟು, ಹೊಗೆಸೊಪ್ಪು, ಸೋಡಾದ ಮಾಸಿದ ಜಾಹೀರಾತು ಕಂಡರೆ ಸೀಸದ ಬಣ್ಣ ಇಟ್ಟಿಗೆಗೆ ಕಚ್ಚಿಕೊಂಡು ಉಳಿದದ್ದು. ಅಕ್ಷರದ ಅಂಚು ಚೂಪಾಗಿದ್ದು ಬಣ್ಣ ಒಂದೇ ಸಮ ಇದ್ದರೆ ಈಚೆಗೆ ಬರೆದದ್ದು. ಒಂದು ಕಟ್ಟಡದ ಮುಂಭಾಗ ಪೂರ್ತಿ ಅಲ್ಯೂಮಿನಿಯಂ ತಗಡಿನಿಂದ ಮುಚ್ಚಿದ್ದರೆ ಅದನ್ನು ಹಳಿಯಬೇಡಿ. 1950-60ರ ದಶಕದಲ್ಲಿ ‘ಆಧುನಿಕ’ವಾಗಿ ಕಾಣಲೆಂದು ಹೊದಿಸಿದ ತಗಡು ಅದು, ಕೆಳಗೆ ಮೂಲ ಮುಖ ಹಾಗೇ ಇರುವುದುಂಟು.

ನಿಯಾನ್‌ಗೆ ಹಗಲಿನ ಪರೀಕ್ಷೆ ಒಳ್ಳೆಯದು. ಅಸಲಿ ಫಲಕದಲ್ಲಿ ಬಗ್ಗಿಸಿದ ಗಾಜಿನ ಕೊಳವೆ ಕಾಣುತ್ತದೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವ ಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ನಕಲಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿ, ಒಳಗೆ ಎಲ್‌ಇಡಿ. ರಾತ್ರಿ ಹತ್ತಿರ ನಿಂತರೆ ಅಸಲಿಯ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್‌ಗುಡುತ್ತದೆ. ಅಂದಹಾಗೆ, ನಿಜವಾದ ನಿಯಾನ್ ಅನಿಲದ ಬೆಳಕು ಕಿತ್ತಳೆ ಬೆರೆತ ಕೆಂಪು ಮಾತ್ರ. ನೀಲಿ ಬೆಳಕು ಆರ್ಗಾನ್ ಅನಿಲಕ್ಕೆ ತೊಟ್ಟು ಪಾದರಸ ಸೇರಿಸಿದ್ದರ ಫಲ. ಕಡು ಚಳಿಯಲ್ಲಿ ಪಾದರಸ ಸರಿಯಾಗಿ ಆವಿಯಾಗದೆ ನೀಲಿ ಮಂಕಾಗುತ್ತದೆ, ಕೆಂಪು ಹಾಗೇ ಇರುತ್ತದೆ. ಚಳಿಗಾಲದ ರಾತ್ರಿ ಅರ್ಧ ಫಲಕ ಕಂದಿದ್ದರೆ ಕೆಟ್ಟಿದೆಯೆಂದೇ ತಿಳಿಯಬೇಕಿಲ್ಲ.

ಊರು ಬದುಕಿದೆಯೇ ಎಂದು ತಿಳಿಯಲು ಇನ್ನೂ ಸರಳ ದಾರಿ: ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಔಷಧ ಅಂಗಡಿ, ಕ್ಷೌರದಂಗಡಿ ಇವೆಯೇ ನೋಡಿ. ಬರೀ ಟೀ ಶರ್ಟು, ಫ್ರಿಜ್ ಮ್ಯಾಗ್ನೆಟ್ಟು ಇದ್ದರೆ ಅರ್ಧ ಗಂಟೆ ಸಾಕು.

ಹಳೇ ಮೋಟೆಲ್‌ನಲ್ಲಿ ತಂಗುವುದು ಕ್ಷೇಮವೇ? (ಓದುಗರು, ಶಿವಮೊಗ್ಗ)

ಮಾಲೀಕರೇ ಅಲ್ಲಿದ್ದು ನಡೆಸುವ ಜಾಗವಾದರೆ ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ. ನೇರವಾಗಿ ಫೋನ್ ಮಾಡಿ ಕಾದಿರಿಸಿ. ಕೇಳಬೇಕಾದ ಪ್ರಶ್ನೆಗಳು: ಎಷ್ಟು ಗಂಟೆಯವರೆಗೆ ಆಫೀಸು ತೆರೆದಿರುತ್ತದೆ? ಫ್ರಿಜ್, ಮೈಕ್ರೋವೇವ್ ಇವೆಯೇ? ರೈಲು ಹಳಿ ಎಷ್ಟು ದೂರ? ಈ ಕೊನೆಯದು ತಮಾಷೆಯಲ್ಲ. ನ್ಯೂ ಮೆಕ್ಸಿಕೋ, ಅರಿಜೋನಾದ ಬಹುಭಾಗದಲ್ಲಿ ರಸ್ತೆಯ ಪಕ್ಕದಲ್ಲೇ ಸರಕು ರೈಲಿನ ಮುಖ್ಯ ಮಾರ್ಗವಿದೆ. ರಸ್ತೆ ದಾಟುವ ಪ್ರತಿ ಗೇಟಿಗೂ ಮೊದಲು ಇಂಜಿನ್ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಸೀಟಿ ಊದಲೇಬೇಕೆಂಬ ನಿಯಮವಿದೆ, ಸರಿರಾತ್ರಿಯಲ್ಲೂ. ‘ಕ್ವೈಟ್ ಜೋನ್’ ಎಂದು ಘೋಷಿಸಿದ ಊರುಗಳಿಗಷ್ಟೇ ವಿನಾಯಿತಿ. ಕಿವಿಗೆ ಹತ್ತಿ ಸಾಲದು, ಔಷಧ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆ ಒಯ್ಯಿರಿ.

ಹಳೇ ಕೋಣೆಗಳಲ್ಲಿ ಪ್ಲಗ್ ಪಾಯಿಂಟು ಕಡಿಮೆ. ಒಂದು ಎಕ್ಸ್‌ಟೆನ್ಷನ್ ಬೋರ್ಡು ಜೊತೆಗಿರಲಿ, ಆದರೆ ಅದಕ್ಕೆ ಅನ್ನದ ಕುಕ್ಕರ್ ಚುಚ್ಚಬೇಡಿ. ಅಲ್ಲಿನ ವಿದ್ಯುತ್ತು 120 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರು ಅಲ್ಲಿ ಸರಿಯಾಗಿ ಕಾಯುವುದೂ ಇಲ್ಲ.

ನಾವು ಸಸ್ಯಾಹಾರಿಗಳು. ಸಣ್ಣ ಊರಿನ ಡೈನರ್‌ಗಳಲ್ಲಿ (ಪುಟ್ಟ ಹೋಟೆಲುಗಳಲ್ಲಿ) ಏನು ತಿನ್ನಬಹುದು? (ಓದುಗರು, ಉಡುಪಿ)

ಮೆನುವಿನಲ್ಲಿ ಮಾಂಸದ ಹೆಸರಿಲ್ಲದ ಮಾತ್ರಕ್ಕೆ ನಂಬಬೇಡಿ. ರಿಫ್ರೈಡ್ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ರೂಢಿಯಿದೆ. ತರಕಾರಿ ಸೂಪಿನ ರಸ ಬಹಳ ಕಡೆ ಕೋಳಿಯದ್ದೋ ದನದ್ದೋ. ಬಿಸ್ಕಿಟ್ (ಅಲ್ಲಿ ಅದು ಮೆತ್ತನೆಯ ಬನ್ನಿನಂಥದ್ದು) ಜೊತೆ ಬರುವ ಬಿಳಿ ಗ್ರೇವಿಯಲ್ಲಿ ಸಾಸೇಜ್ ಇರುತ್ತದೆ. ಪೈ ಎಂಬ ಸಿಹಿತಿಂಡಿಯ ಹೊದಿಕೆಗೂ ಕೆಲವರು ಹಂದಿ ಕೊಬ್ಬು ಬಳಸುತ್ತಾರೆ. ಪ್ಯಾನ್‌ಕೇಕ್‌ನಲ್ಲಿ ಮೊಟ್ಟೆಯಿದೆ. ಹ್ಯಾಷ್ ಬ್ರೌನ್ಸ್ ಬರೀ ಆಲೂಗಡ್ಡೆಯೇ, ಆದರೆ ಬೇಕನ್ ಎಂಬ ಹಂದಿಮಾಂಸ ಹುರಿದ ಕಾವಲಿಯ ಮೇಲೇ ಬೇಯುತ್ತದೆ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ಬೆಳಗಿನ ಗದ್ದಲಕ್ಕೆ ಮೊದಲೇ ಕೇಳಿದರೆ ಬಹುತೇಕ ಒಪ್ಪುತ್ತಾರೆ. ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್‌ಗೂ ಇದೇ ಮಾತು.

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಮಾಂಸ, ಕೋಳಿ, ಮೀನು, ಅವುಗಳ ರಸ, ಕೊಬ್ಬು ಬೇಡ ಎಂದು ಒಂದೊಂದಾಗಿ ಹೇಳಿ. ನ್ಯೂ ಮೆಕ್ಸಿಕೋದಲ್ಲಿ ನಾಲಗೆಗೆ ಖಾರ ಸಿಗುತ್ತದೆ: ಚೀಸ್ ಎಂಚಿಲಾಡಾ (ಚೀಸ್ ತುಂಬಿದ ಮೆಕ್ಕೆಜೋಳದ ರೊಟ್ಟಿ, ಮೇಲೆ ಗೊಜ್ಜು) ಕೇಳಿ. ‘ಕೆಂಪೋ ಹಸಿರೋ?’ ಎಂದರೆ ಮೆಣಸಿನಕಾಯಿಯ ಗೊಜ್ಜು ಯಾವುದೆಂದು ಅರ್ಥ. ಎರಡೂ ಬೇಕಿದ್ದರೆ ‘ಕ್ರಿಸ್‌ಮಸ್’ ಎನ್ನಬೇಕು. ಆ ಗೊಜ್ಜಿನಲ್ಲೂ ಮಾಂಸವಿದೆಯೇ ಎಂದು ಕೇಳಿಯೇ ಆರ್ಡರ್ ಮಾಡಿ. ಬಹಳಷ್ಟು ಡೈನರ್‌ಗಳು ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕುತ್ತವೆ, ಭಾನುವಾರ ಸೋಮವಾರ ತೆರೆಯದಿರುವುದೂ ಉಂಟು. ಡಿಕ್ಕಿಯಲ್ಲೊಂದು ಐಸ್ ಪೆಟ್ಟಿಗೆ, ಅದರಲ್ಲಿ ಮೊಸರು, ಬ್ರೆಡ್ಡು, ಹಣ್ಣು. ಪಕ್ಕದಲ್ಲಿ ಚಟ್ನಿಪುಡಿಯ ಡಬ್ಬಿ ಇದ್ದರೆ ಆ ದಿನಗಳು ಸುಸೂತ್ರ. ಬಿಲ್ಲಿನ ಮೇಲೆ 15ರಿಂದ 20 ಶೇಕಡಾ ಟಿಪ್ಸ್ ಕೊಡುವುದು ಅಲ್ಲಿ ಕಡ್ಡಾಯದಂತೆಯೇ. ಒಂದು, ಐದು ಡಾಲರಿನ ನೋಟುಗಳು ಜೇಬಿನಲ್ಲಿರಲಿ.

ಭಾರತದ ಲೈಸೆನ್ಸ್ ನಡೆಯುತ್ತದೆಯೇ? ಬಾಡಿಗೆ ಕಾರಿನಲ್ಲಿ ಏನು ಗಮನಿಸಬೇಕು? (ಓದುಗರು, ದಾವಣಗೆರೆ)

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಂಟು ರಾಜ್ಯ ದಾಟುವವರು ಮೂಲ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಳ್ಳುವುದು ಲೇಸು. ಅದನ್ನು ಇಲ್ಲಿನ ಆರ್‌ಟಿಒದಿಂದಲೇ, ಹೊರಡುವ ಮುನ್ನ, ಫಾರಂ 4ಎ ತುಂಬಿ ಪಡೆಯಬೇಕು. ಅವಧಿ ಒಂದು ವರ್ಷ. ಅದೊಂದನ್ನೇ ತೋರಿಸಿದರೆ ಬೆಲೆಯಿಲ್ಲ, ಮೂಲ ಲೈಸೆನ್ಸ್ ಜೊತೆಗಿರಲೇಬೇಕು.

ಒಂದು ನಗರದಲ್ಲಿ ಪಡೆದು ಇನ್ನೊಂದರಲ್ಲಿ ಬಿಡುವ ಕಾರಿಗೆ ‘ಒನ್-ವೇ’ ಶುಲ್ಕ ಪ್ರತ್ಯೇಕ. ಕೆಲವೊಮ್ಮೆ ಬಾಡಿಗೆಯಷ್ಟೇ ಆಗುತ್ತದೆ, ಒಟ್ಟು ಮೊತ್ತ ನೋಡಿಯೇ ಹೋಲಿಸಿ. ಮೈಲಿಗೆ ಮಿತಿಯಿಲ್ಲವೆಂದು ಬರಹದಲ್ಲಿರಲಿ. 25 ವರ್ಷದೊಳಗಿನ ಚಾಲಕರಿಗೆ ಹೆಚ್ಚುವರಿ ಶುಲ್ಕ. ವಿಮೆ ಎರಡು ಬಗೆಯದು: ಕಾರಿನ ಹಾನಿಗೆ ಒಂದು, ನಿಮ್ಮಿಂದ ಇತರರಿಗಾದ ಹಾನಿಗೆ ಇನ್ನೊಂದು. ಅಮೆರಿಕದಲ್ಲಿ ಸ್ವಂತ ವಿಮೆಯಿಲ್ಲದ ಭಾರತೀಯರು ಎರಡನೆಯದನ್ನು ಯಾವ ಕಾರಣಕ್ಕೂ ಬಿಡಬಾರದು, ಅಲ್ಲಿನ ಆಸ್ಪತ್ರೆ ಖರ್ಚಿನ ಮುಂದೆ ಕಾರಿನ ಬೆಲೆ ಏನೇನೂ ಅಲ್ಲ. ಒಕ್ಲಹಾಮಾದಲ್ಲಿ ಇಂಟರ್‌ಸ್ಟೇಟ್ 44ರ ಬಹುಭಾಗ ಟೋಲ್ ರಸ್ತೆ, ನಗದು ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು ಬಾಡಿಗೆ ಕಂಪನಿಗೆ ಬಿಲ್ ಕಳಿಸುತ್ತದೆ, ಕಂಪನಿ ತನ್ನ ಶುಲ್ಕ ಸೇರಿಸಿ ನಿಮ್ಮ ಕಾರ್ಡಿಗೆ ಹಾಕುತ್ತದೆ. ಪಕ್ಕದ ಹಳೇ 66ಕ್ಕೆ ಟೋಲ್ ಇಲ್ಲ.

ಪೆಟ್ರೋಲ್ ಬಂಕಿನಲ್ಲಿ ನಮ್ಮ ಕಾರ್ಡ್ ತಿರಸ್ಕೃತವಾಗುತ್ತದೆಯಂತೆ, ಯಾಕೆ? (ಓದುಗರು, ಕಲಬುರಗಿ)

ಪಂಪು ಅಮೆರಿಕದ ಐದಂಕಿಯ ಜಿಪ್ ಕೋಡ್ ಕೇಳುತ್ತದೆ, ನಮ್ಮ ಕಾರ್ಡಿಗೆ ಅದಿಲ್ಲ. ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ, ಇಷ್ಟು ಡಾಲರಿಗೆ ಎಂದು ಮೊದಲೇ ಕಟ್ಟಿ. ಮಿಕ್ಕಿದ್ದು ವಾಪಸಾಗುತ್ತದೆ. ಡೀಸೆಲ್ ಹಿಡಿಕೆ ಸಾಮಾನ್ಯವಾಗಿ ಹಸಿರು, ಆದರೆ ಬಣ್ಣಕ್ಕೆ ನಿಯಮವಿಲ್ಲ. ಅಕ್ಷರ ಓದಿಯೇ ಎತ್ತಿ. ಮಾಮೂಲಿ ಬಾಡಿಗೆ ಕಾರಿಗೆ 87 ಆಕ್ಟೇನ್ ಸಾಕು. ಗ್ಯಾಲನ್ ಎಂದರೆ 3.785 ಲೀಟರ್. ಮರುಭೂಮಿಯ ಕಡೆ ಟ್ಯಾಂಕು ಅರ್ಧಕ್ಕಿಳಿದ ಕೂಡಲೇ ತುಂಬಿಸಿ.

ಸಣ್ಣ ಊರಿನಲ್ಲಿ ಪೊಲೀಸರು ಬೇಗ ಹಿಡಿಯುತ್ತಾರೆಯೇ? (ಓದುಗರು, ತುಮಕೂರು)

ಹಿಡಿಯುವುದು ಊರಿನ ಬಾಯಲ್ಲೇ. 65 ಮೈಲಿ ವೇಗದ ರಸ್ತೆ ಕೆಲವೇ ನೂರು ಅಡಿಗಳಲ್ಲಿ 45, 35, 25ಕ್ಕೆ ಇಳಿಯುತ್ತದೆ. ಫಲಕ ದಾಟಿದ ಮೇಲೆ ಬ್ರೇಕ್ ಒತ್ತಿದರೆ ತಡವಾಯಿತು, ಫಲಕದ ಬಳಿ ಬರುವಷ್ಟರಲ್ಲಿ ಆ ವೇಗದಲ್ಲಿರಬೇಕು. ನಾಲ್ಕೂ ಕಡೆ ‘ಸ್ಟಾಪ್’ ಇರುವ ಕೂಡುರಸ್ತೆಯಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ಮೊದಲು ನಿಂತವರು ಮೊದಲು ಹೊರಡುತ್ತಾರೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ನಡುವೆ ವಿಭಜಕವಿಲ್ಲದ ಎರಡು ಪಥದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸ್ ದೀಪ ಹಿಂದೆ ಕಂಡರೆ ಬಲಕ್ಕೆ ನಿಲ್ಲಿಸಿ ಒಳಗೇ ಕುಳಿತಿರಿ, ಕೈಗಳು ಸ್ಟೀರಿಂಗ್ ಮೇಲಿರಲಿ. ಇಲ್ಲಿನಂತೆ ಇಳಿದು ಅವರ ಬಳಿ ನಡೆದು ಹೋಗುವುದು ಅಲ್ಲಿ ಅಪಾಯ.

ಯಾವ ತಿಂಗಳು ಒಳ್ಳೆಯದು? (ಓದುಗರು, ಮಂಗಳೂರು)

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಏಪ್ರಿಲ್-ಮೇ ಹಸಿರಾಗಿದ್ದರೂ ಒಕ್ಲಹಾಮಾ ಸುತ್ತ ಸುಂಟರಗಾಳಿಯ ಕಾಲ. ಆಗ ಎಚ್ಚರಿಕೆಗಳಲ್ಲಿ ಬರುವುದು ಕೌಂಟಿಯ ಹೆಸರು, ಊರಿನದ್ದೇ ಬರಬೇಕೆಂದಿಲ್ಲ. ತಂಗಿರುವ ಕೌಂಟಿ ಯಾವುದೆಂದು ಪ್ರತಿ ರಾತ್ರಿ ಕೇಳಿ ತಿಳಿದಿರಿ. ಜುಲೈ-ಆಗಸ್ಟ್‌ನಲ್ಲಿ ಮೊಹಾವೆ ಕುಲುಮೆ. ಚಳಿಗಾಲದಲ್ಲಿ ಸುಮಾರು 2,100 ಮೀಟರ್ ಎತ್ತರದ ಫ್ಲಾಗ್‌ಸ್ಟಾಫ್‌ನಲ್ಲಿ ಹಿಮ. ಇನ್ನು ಗಡಿಯಾರ: ಟೆಕ್ಸಸ್ ದಾಟಿದರೆ ಒಂದು ಗಂಟೆ ಹಿಂದಕ್ಕೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಅರಿಜೋನಾ ಒಪ್ಪುವುದಿಲ್ಲ, ಅದೇ ರಾಜ್ಯದೊಳಗಿನ ನವಾಹೋ ಮೂಲನಿವಾಸಿಗಳ ಸೀಮೆ ಒಪ್ಪುತ್ತದೆ. ವಸ್ತುಸಂಗ್ರಹಾಲಯ ಮುಚ್ಚಿದ ಮೇಲೆ ತಲುಪುವವರಲ್ಲಿ ಅನೇಕರು ಎಡವುವುದು ಇಲ್ಲೇ.

ದೊಡ್ಡ ಮೋಟಾರ್ ಹೋಮ್‌ನಲ್ಲಿ (ಮಲಗಲು, ಅಡುಗೆಗೆ ಅನುಕೂಲವಿರುವ ಗಾಡಿಯಲ್ಲಿ) ಅರಿಜೋನಾದ ಓಟ್‌ಮನ್‌ಗೆ ಹೋಗಬಹುದೇ? (ಓದುಗರು, ಹಾಸನ)

ಬೇಡ. ಕಿಂಗ್‌ಮನ್‌ನಿಂದ ಸಿಟ್‌ಗ್ರೀವ್ಸ್ ಕಣಿವೆ ದಾಟುವ ಆ ಘಾಟಿಯಲ್ಲಿ 40 ಅಡಿಗಿಂತ ಉದ್ದದ ಗಾಡಿಗಳಿಗೆ ನಿಷೇಧವಿದೆ, ಅಂಚಿನಲ್ಲಿ ತಡೆಗೋಡೆ ಇಲ್ಲದ ತಿರುವುಗಳಿವೆ. ಮೋಟಾರ್ ಹೋಮನ್ನು ಕಿಂಗ್‌ಮನ್‌ನಲ್ಲಿ ಬಿಟ್ಟು ಸಣ್ಣ ಕಾರಿನಲ್ಲಿ ಹೋಗಿ. ಓಟ್‌ಮನ್‌ನ ಬೀದಿಯಲ್ಲಿ ಗಣಿ ಕಾಲದ ಕತ್ತೆಗಳ ಸಂತತಿ ಅಡ್ಡಾಡುತ್ತಿರುತ್ತದೆ, ಕಾರಿನ ಕಿಟಕಿ ಇಳಿಸಿದರೆ ತಲೆ ಒಳಗೆ ಬರುತ್ತದೆ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಆಂಬಾಯ್ ಕಡೆಯ ಹಳೇ ರಸ್ತೆಯ ಮರದ ಸೇತುವೆಗಳು ದಿಢೀರ್ ಪ್ರವಾಹಕ್ಕೆ ಹಾಳಾಗಿ ಕೆಲವು ತುಂಡುಗಳು ಮುಚ್ಚಿರುತ್ತವೆ. ಹೊರಡುವ ಮುನ್ನ ಸ್ಯಾನ್ ಬರ್ನಾರ್ಡಿನೋ ಕೌಂಟಿಯ ರಸ್ತೆ ಮಾಹಿತಿ ನೋಡಿ. ‘ರೋಡ್ ಕ್ಲೋಸ್ಡ್’ ಫಲಕದ ಪಕ್ಕದಿಂದ ನುಸುಳಿದರೆ ಮರಳಿನಲ್ಲಿ ಹೂತ ಕಾರನ್ನು ಎಳೆಯಲು ಬರುವ ಗಾಡಿಗೆ ಗಂಟೆಗಟ್ಟಲೆ ಕಾಯಬೇಕಾದೀತು.

ಎಲ್ಲರೂ 66 ಎನ್ನುತ್ತಾರೆ. ಜನಜಂಗುಳಿ ಇಲ್ಲದ ಬೇರೆ ದಾರಿ ಇದೆಯೇ? (ಓದುಗರು, ಧಾರವಾಡ)

ನೆವಾಡಾ ರಾಜ್ಯದ ಯುಎಸ್ 50 ಹೆದ್ದಾರಿ. 1986ರಲ್ಲಿ ಲೈಫ್ ಪತ್ರಿಕೆ ಇದನ್ನು ಅಮೆರಿಕದ ಅತಿ ಒಂಟಿ ರಸ್ತೆ ಎಂದು ಕರೆಯಿತು, ರಾಜ್ಯದವರು ಆ ಮೂದಲಿಕೆಯನ್ನೇ ಜಾಹೀರಾತು ಮಾಡಿಕೊಂಡರು. ಫಾಲನ್‌ನಿಂದ ಆಸ್ಟಿನ್‌ಗೆ ಸುಮಾರು 110 ಮೈಲಿ, ಅಲ್ಲಿಂದ ಯುರೇಕಾಗೆ 70, ಮತ್ತೆ ಈಲಿಗೆ 77. ನಡುವೆ ಪೆಟ್ರೋಲ್ ಸಿಗುತ್ತದೆಂಬ ಲೆಕ್ಕ ಹಾಕಬೇಡಿ. ಆಸ್ಟಿನ್, ಯುರೇಕಾ, ಈಲಿ ಮೂರೂ ಗಣಿಯ ಊರುಗಳು. ಯುರೇಕಾದಲ್ಲಿ 1880ರ ಆಪೆರಾ ಹೌಸ್, ಅದರ ಎದುರಿಗೇ ಇಟ್ಟಿಗೆಯ ಕೋರ್ಟ್‌ಹೌಸ್. ಕಾರು ನಿಲ್ಲಿಸಿ ಇಳಿದರೆ ಹತ್ತೇ ನಿಮಿಷದಲ್ಲಿ ಊರಿನ ಈ ಕೊನೆಯಿಂದ ಆ ಕೊನೆಗೆ ನಡೆಯಬಹುದು. ಆಸ್ಟಿನ್ ದಾಟುವ ಮುನ್ನ ಟ್ಯಾಂಕು ತುಂಬಿಸಿ, ತಲೆಗೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ, ಸ್ಪೇರ್ ಟೈರಿನಲ್ಲಿ ಗಾಳಿ ಇದೆಯೇ ನೋಡಿ.